ಮೂರೇ ಮಂದಿಯ ಊರು

ನಾವು ಮೂವರಿದ್ದೆವು. ಮೂವರು ಸಾಕು ಎಂದು ಇವತ್ತಿಗೂ ಹೇಳುತ್ತೇನೆ, ಯಾರು ನಕ್ಕರೂ ಅಷ್ಟೇ.

ಧಾರವಾಡದ ಒಂದು ಪ್ರೆಸ್ಸಿನಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಮಾತನ್ನು ಟೈಪ್ ಮಾಡುವುದು: ಲಗ್ನಪತ್ರಿಕೆ, ನಮ್ಮ ಚರ್ಚಿನ ವರದಿ, ಯಾರದೋ ಪಿಎಚ್‌ಡಿ. ಇಪ್ಪತ್ತು ವರ್ಷ ಹೀಗೆ ಬೆರಳು ಸವೆಸಿದ ಮೇಲೆ ನನ್ನದೂ ಒಂದೆರಡು ಸಾಲು ಎಲ್ಲಾದರೂ ಇರಲಿ ಎನ್ನಿಸಿತು. ಆಗ ಸಿಕ್ಕಿದ್ದು ಆನ್‌ಲೈನಿನ ಆ ಆಟ. ಆಟವೆಂದರೆ ಬಂದೂಕು ಹಿಡಿದು ಓಡುವಂಥದ್ದೆಂದು ತಿಳಿಯಬೇಡಿ. ಬಹಳ ಮಂದಿ ಕೂಡಿ, ಕನ್ನಡದಲ್ಲಿ, ಇಲ್ಲದ ಒಂದು ನಾಡಿನ ಕಥೆ ಬರೆಯುವುದು. ಒಬ್ಬೊಬ್ಬರಿಗೆ ಒಂದು ಪಾತ್ರ. ನಿಮ್ಮ ಪಾತ್ರ ಏನು ಮಾಡಿತು, ಏನಂದಿತು ಎಂದು ನೀವು ನಾಲ್ಕು ಸಾಲು ಬರೆದರೆ ಮುಂದಿನ ನಾಲ್ಕು ಸಾಲು ಇನ್ನೊಬ್ಬರು ಬರೆಯುತ್ತಾರೆ.

ಆ ನಾಡಿನಲ್ಲಿ ಒಂದು ದೊಡ್ಡ ಸಾಮ್ರಾಜ್ಯವಿತ್ತು. ಅದರಲ್ಲಿ ಅರವತ್ತು ಆಟಗಾರರು. ನಮ್ಮದು ಕೆರೆಯ ದಂಡೆಯ ಒಂದು ಊರು, ಅದರಲ್ಲಿ ಮೂವರು. ನಾನು ಊರಿನ ಗೌಡಸಾನಿ. ಗರಗದಲ್ಲಿ ಖಾದಿ ನೂಲುವ ಹುಡುಗಿಯೊಬ್ಬಳು ನಮ್ಮ ವೈದ್ಯೆ. ದಿನವೆಲ್ಲ ನೂತವಳಿಗೆ ಆಟದಲ್ಲೂ ರಾಟಿ ಬೇಡವಾಗಿತ್ತು. ಬೆಂಗೇರಿಯ ಬೈಕ್ ಮೆಕ್ಯಾನಿಕ್ ಒಬ್ಬ ನಮ್ಮ ಅಂಬಿಗ. ಮೂವತ್ತರ ಆಸುಪಾಸು ವಯಸ್ಸು. ಕೈತುಂಬ ಗ್ರೀಸ್ ಇರುತ್ತಿದ್ದುದರಿಂದ ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದ. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ.

ಸಣ್ಣ ಗುಂಪಿನ ಕಷ್ಟ ನನಗೆ ಗೊತ್ತಿಲ್ಲ ಎಂದಲ್ಲ. ಸಾಮ್ರಾಜ್ಯದಲ್ಲಿ ಹತ್ತು ಮಂದಿ ಕಾಣೆಯಾದರೂ ಯುದ್ಧ ನಡೆದೇ ಇರುತ್ತದೆ. ನಮ್ಮಲ್ಲಿ ಒಬ್ಬರಿಗೆ ನೆಗಡಿ ಬಂದರೆ ಊರಿಗೆ ಊರೇ ಮಲಗುತ್ತಿತ್ತು. ಹೊಸಬರು ಗದ್ದಲವಿದ್ದ ಕಡೆಗೇ ಹೋಗುತ್ತಾರೆ. ತಪ್ಪಿ ನಮ್ಮ ಕಡೆ ಬಂದವರನ್ನು ಓಡಿಸಿದವಳು ನಾನೇ, ಸುಳ್ಳು ಯಾಕೆ ಹೇಳಲಿ. ಕಾಲೇಜಿನ ಹುಡುಗಿಯೊಬ್ಬಳು ಕಾಡಿನ 'ಧಾರಿ' ಹಿಡಿದು ನಮ್ಮೂರಿಗೆ ಬಂದಳು. ಅದು ದಾರಿ ಎಂದು ತಿದ್ದಿದೆ. ಮರುದಿನ ಅವಳು 'ದನಿಕ'ನೊಬ್ಬನ ಮನೆ ಕೇಳಿದಳು. ಅದನ್ನೂ ತಿದ್ದಿದೆ. ಮೂರನೆಯ ದಿನ ನೋಡಿದರೆ ಅವಳು ಸಾಮ್ರಾಜ್ಯದಲ್ಲಿ ಸೇನಾಪತಿಯಾಗಿ ಕುದುರೆ ಏರಿದ್ದಳು. ವೈದ್ಯೆ ಫೋನ್ ಮಾಡಿ ಬೈದಳು.

"ಅಕ್ಕಾ, ನಿಮ್ಮ ಪ್ರೂಫ್ ನೋಡೂ ಚಟಾ ಪ್ರೆಸ್ಸಿನ್ಯಾಗ ಬಿಟ್ಟು ಬರ್ರಿ. ಊರಾಗ ಮಂದಿ ಉಳೀಬೇಕೋ ಬ್ಯಾಡೋ?"

ನಮ್ಮ ಮರ್ಯಾದೆಯೂ ನಮಗೆ ಅಡ್ಡ ಬರುತ್ತಿತ್ತು. ಊರು ಒಪ್ಪಿಸಿ ಎಂದು ಕತ್ತಿ ಝಳಪಿಸುತ್ತ ಚಕ್ರವರ್ತಿಯ ದೂತ ಬಂದರೆ ನಮ್ಮ ಅಂಬಿಗ, "ಬರ್ರಿ, ಕೂಡ್ರಿ, ಚಾ ಕುಡೀರಿ" ಎಂದುಬಿಟ್ಟ. ಆ ಕಾಲದಲ್ಲಿ ಚಹಾ ಇರಲಿಲ್ಲ ಎಂದು ಆಟ ನಡೆಸುವ ನಿರ್ವಾಹಕರು ತಕರಾರು ತೆಗೆದರು. ಹಾಲು ಎಂದು ಬದಲಿಸಿದೆವು. ದೂತ ಹಾಲು ಕುಡಿದು ಹೋದ. ಊರು ಕೊಡುವುದಿಲ್ಲ ಎಂಬ ಪತ್ರವನ್ನು ಚಕ್ರವರ್ತಿಗೆ ತಲುಪಿಸಲು ನಾನೇ, ಅಂದರೆ ಗೌಡಸಾನಿ, ದೋಣಿ ಹತ್ತಿದೆ. ಅಂಬಿಗ ಹುಟ್ಟು ಹಾಕತೊಡಗಿದ.

ದೋಣಿ ನಡುಕೆರೆಗೆ ಬಂದಾಗ ಮೆಕ್ಯಾನಿಕ್‌ನ ಮೆಸೇಜು ಬಂತು.

"ಅಕ್ಕಾರ, ಅಬ್ಬಾಗ ಹಾರ್ಟಿಂದು ಆಪರೇಷನ್ ಐತ್ರಿ. ದವಾಖಾನ್ಯಾಗ ಅದೇನಿ. ಸ್ವಲ್ಪ ದಿನ ಬರಾಕ ಆಗಂಗಿಲ್ಲ. ನನ್ನ ಅಂಬಿಗನ್ನ ಹಂಗ ಇಡ್ರಿ. ಬಂದ ಮ್ಯಾಲೆ ನಾನ ದಡಾ ಮುಟ್ಟಸ್ತೇನಿ."

ಇಡ್ತೇವಿ, ಅಬ್ಬಾನ್ನ ನೋಡ್ಕೋ ಎಂದು ಬರೆದೆ. ಇಷ್ಟೇ ಅವನು ನನ್ನಿಂದ ಕೇಳಿದ್ದು.

ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಇನ್ನೊಬ್ಬರ ಪಾತ್ರದ ಕೈಕಾಲನ್ನು ನೀವು ಆಡಿಸುವಂತಿಲ್ಲ. ಆದರೆ ಸಣ್ಣ ಗುಂಪುಗಳಿಗೆಂದೇ ಇನ್ನೊಂದು ನಿಯಮವೂ ಇತ್ತು. ವಾರವೊಂದು ಕಥೆ ಮುಂದೆ ಹೋಗದಿದ್ದರೆ ಗುಂಪಿನ ಹೆಸರಿನ ಮುಂದೆ 'ನಿಷ್ಕ್ರಿಯ' ಎಂದು ಬೀಳುತ್ತದೆ, ಊರು ಪಕ್ಕದವರ ಪಾಲಾಗುತ್ತದೆ. ನಿರ್ವಾಹಕರೊಬ್ಬರು ನನಗೆ ಉಪಾಯ ಹೇಳಿಕೊಟ್ಟರು. ಅಂಬಿಗನದನ್ನು ನೀವೇ ಬರೆದುಬಿಡಿ ಮೇಡಂ. ಇಲ್ಲವೇ ಬೇರೆ ಹೆಸರಲ್ಲಿ ಎರಡು ಖಾತೆ ತೆರೆದು ಊರು ತುಂಬಿಸಿ, ಎಲ್ಲರೂ ಮಾಡುತ್ತಾರೆ. ಅದೂ ಆಗದಿದ್ದರೆ ಸಾಮ್ರಾಜ್ಯ ಸೇರಿಕೊಳ್ಳಿ. ಮೂರಕ್ಕೂ ಒಲ್ಲೆ ಎಂದೆ.

ದಿನಾ ಬೆಳಿಗ್ಗೆ ಪ್ರೆಸ್ಸಿಗೆ ಹೋದವಳೇ, ಲಗ್ನಪತ್ರಿಕೆ ಮುಟ್ಟುವ ಮೊದಲು ಒಂದು ಸಾಲು ಬರೆಯುತ್ತಿದ್ದೆ. ಗೌಡಸಾನಿ ದೋಣಿಯಲ್ಲಿ ಕೂತಿದ್ದಾಳೆ. ಗಾಳಿ ಇಲ್ಲ. ಭಾನುವಾರ ಚರ್ಚ್ ಮುಗಿಸಿ ಕೆಲಗೇರಿ ಕೆರೆಯ ಕಡೆ ಹೋಗಿ, ಅಲ್ಲಿ ನೀರಕೋಳಿಗಳು ಮುಳುಗುವುದನ್ನು, ಏಳುವುದನ್ನು ನೋಡಿ ಬಂದು ಅವನ್ನೂ ಬರೆದೆ. ವೈದ್ಯೆ ದಂಡೆಯಲ್ಲಿ ಗಂಜಿ ಬೇಯಿಸುತ್ತ ನಮ್ಮ ದಾರಿ ಕಾದಳು.

ದೋಣಿ ಕದಲದೆ ಬರೆದದ್ದು ಅವರ ಲೆಕ್ಕಕ್ಕೆ ಬರಲಿಲ್ಲ, ಎಂಟನೆಯ ದಿನ 'ನಿಷ್ಕ್ರಿಯ' ಎಂದು ಬಿತ್ತು. ನನಗೆ ಮೈ ಉರಿಯಿತು. ಕಾಯಿಲೆ ಬಿದ್ದ ಅವ್ವ-ಅಪ್ಪಂದಿರ ಹಾಸಿಗೆ ಪಕ್ಕ ಹಗಲೂ ರಾತ್ರಿ ಕೂತವರ ಕೆಲಸವನ್ನು ಕಂಡವಳು ನಾನು. ಯಾರು ನಿಷ್ಕ್ರಿಯ? ಒಂಬತ್ತನೆಯ ದಿನ ಅದೇ ನಿರ್ವಾಹಕರು ನಮ್ಮ ಕೆರೆಗೆ ಬಂದು ಬರೆದರು: ಬಿರುಗಾಳಿ ಎದ್ದಿತು. ದೋಣಿ ಮಗುಚಿತು. ಅಂಬಿಗ ಮುಳುಗಿ ಸತ್ತ. ಗೌಡಸಾನಿಯನ್ನು ಸಾಮ್ರಾಜ್ಯದ ಸೈನಿಕರು ಎತ್ತಿ ದಡಕ್ಕೆ ತಂದರು.

ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕಳಿಸಿ ಹೊರಗೆ ಕೂತವನು, ಬೇಸರಕ್ಕೆಂದು ಫೋನ್ ತೆಗೆದು ಇದನ್ನು ಓದಿದರೆ? ಕೂಡಲೇ ಬರೆದೆ. ಅವರ ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಆ ಸಾಲು ಅಳಿಸಿರಿ ಎಂದೆ. ಉತ್ತರವೂ ಕೂಡಲೇ ಬಂತು.

"ಮೇಡಂ, ಇದು ಬರೀ ಆಟ. ಅವರು ಬಂದ ಮೇಲೆ ಹೊಸ ಪಾತ್ರ ಮಾಡಿಕೊಳ್ಳಲಿ. ಒಬ್ಬರಿಗಾಗಿ ಅರವತ್ತು ಜನ ಕಾಯುವುದಕ್ಕೆ ಆಗುತ್ತದೆಯೇ?"

ಗ್ರಂಥಸ್ಥ ಭಾಷೆ ಅಲ್ಲಿಗೆ ಮುಗಿಯಿತು. "ನಿಮ್ಮನ್ನ ಕಾಯ್ರಿ ಅಂದವರ್ಯಾರು? ಕಾಯಾಕ ನಾವು ಅದೇವಿ" ಎಂದು ಬರೆದೆ.

ಅವರ ಬಿರುಗಾಳಿಯನ್ನು ಅಳಿಸುವ ಅಧಿಕಾರ ನನಗಿರಲಿಲ್ಲ. ಅದರ ಕೆಳಗೆ ಬರೆಯುವುದನ್ನು ತಡೆಯುವವರೂ ಸದ್ಯಕ್ಕೆ ಇರಲಿಲ್ಲ. ಮುಳುಗಿಲ್ಲ ಎಂದು ಬರೆದೆ. ಮರುದಿನ ಮತ್ತೆ, ಮುಳುಗಿಲ್ಲ. ನನ್ನ ಗೌಡಸಾನಿ ದೋಣಿಯಿಂದ ಎದ್ದಳೆಂದು ನಾನು ಬರೆದಿಲ್ಲ, ಆದ್ದರಿಂದ ಅವಳು ಎದ್ದಿಲ್ಲ. ಇದು ನಿಮ್ಮದೇ ನಿಯಮ. ಸಾಮ್ರಾಜ್ಯದವರು ಕೆಳಗೆ ನಗುವ ಮುಖಗಳ ಸಾಲು ಹಚ್ಚಿದರು. ಹಚ್ಚಲಿ. ಐದು ಬೆಳಗು ಹಾಗೆ ಬರೆದೆ. ಆರನೆಯ ಬೆಳಗು ನನ್ನ ಖಾತೆಯನ್ನೇ ತೆಗೆದುಹಾಕಿದ್ದರು. ವೈದ್ಯೆ ತಾನಾಗಿ ಹೊರಬಂದಳು.

ಪ್ರೆಸ್ಸಿನವಳು ನಾನು, ಪ್ರತಿ ಇಲ್ಲದೆ ಒಂದು ಕಾಗದವನ್ನೂ ಬಿಡುವುದಿಲ್ಲ. ನಮ್ಮ ಊರಿನ ಪ್ರತಿಯೊಂದು ಸಾಲೂ ನನ್ನ ಬಳಿ ಇತ್ತು. ನಾವಿಬ್ಬರೂ ಫೋನಿನಲ್ಲಿ ಒಂದು ಹೊಸ ಗುಂಪು ಮಾಡಿ, ಬಿರುಗಾಳಿಯ ಹಿಂದಿನ ಸಾಲಿನ ತನಕ ಎಲ್ಲವನ್ನೂ ತಂದು ಅದರಲ್ಲಿ ಇಳಿಸಿದೆವು. ನಮ್ಮ ಅಂಬಿಗನನ್ನೂ ಸೇರಿಸಿದೆವು. ಬಾ ಎಂದು ಮಾತ್ರ ಕರೆಯಲಿಲ್ಲ.

ಅವನ ಅಪ್ಪ ಉಳಿಯಲಿಲ್ಲ. ನಾವಿಬ್ಬರೂ ಬೆಂಗೇರಿಗೆ ಹೋಗಿ ಮಾತಾಡಿಸಿ ಬಂದೆವು. ಆಟದ ಸುದ್ದಿ ಯಾರೂ ಎತ್ತಲಿಲ್ಲ. ನಲವತ್ತನೆಯ ದಿನದ ಕಾರ್ಯ ಮುಗಿಸಿದ ಮೇಲೆ, ಒಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಅವನ ಫೋನ್ ಬಂತು.

"ನಾ ಸತ್ತದ್ದು ದವಾಖಾನಿ ಪಾವಟಿಗಿ ಮ್ಯಾಲ ಕುಂತು ಓದಿದೆ, ಅಕ್ಕಾರ" ಎಂದ. "ಕೆಳಗ ನೀವು ಮುಳುಗಿಲ್ಲ ಅಂತ ಬರದದ್ದೂ ಓದಿದೆ. ದಿನಾ ಮುಂಜಾನೆ ತೆಗೆದು ನೋಡತಿದ್ದೆ, ಇವತ್ತೂ ಬರದಾರೇನು ಅಂತ."

ನಾನು ಬುತ್ತಿಯನ್ನು ಪಕ್ಕಕ್ಕೆ ಸರಿಸಿದೆ.

"ಖರೇನ ಇಷ್ಟು ದಿನಾ ದೋಣ್ಯಾಗ ಕುಂತಿದ್ರೇನ್ರಿ?"

"ಮತ್ತೇನ ಮಾಡ್ಲೋ ತಮ್ಮಾ. ಹುಟ್ಟು ನಿನ್ನ ಕೈಯಾಗ ಐತಿ."

ಆ ಕಡೆ ಯಾವುದೋ ಬೈಕು ಚಾಲೂ ಆಗಿ ನಿಂತಿತು. ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು.

"ಹಂಗಾರ ಗಟ್ಟಿ ಹಿಡ್ಕೊಂಡು ಕೂಡ್ರಿ, ಅಕ್ಕಾರ" ಎಂದ.