ಸೈಕಲ್ ಟ್ಯೂಬಿನ ಮೇಲಿದ್ದ ಡಿಸ್ಕ್

ಕಳೆದ ವಾರ ನನ್ನ ಜೆರಾಕ್ಸ್ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಅದರ ಡಿಸ್ಕ್ ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿದೆ. ತಂತಿಯಿಲ್ಲ, ಒಂದೇ ಸ್ಕ್ರೂ. ಹಳೆಯದನ್ನು ಬಿಚ್ಚಿದಾಗ ಅಗಲವಾದ ಬೂದು ಕೇಬಲ್ ಕೈಗೆ ಸಿಕ್ಕಿತು. ಧೂಳು, ಕಾದ ಕಬ್ಬಿಣದ ವಾಸನೆ... ಪಕ್ಕದಂಗಡಿಯ ಕಾಕಾ ನೆನಪಾದರು.

ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಆಗ ಅವರೇ. ಹಳೆಯ ಡಿಸ್ಕುಗಳಲ್ಲಿ ಎರಡನ್ನು ಒಂದೇ ಕೇಬಲಿಗೆ ಸಿಕ್ಕಿಸಿದರೆ, ಯಾವುದು ಮೊದಲನೆಯದು ಎಂದು ಜೋಳದ ಕಾಳಿನಷ್ಟು ಪುಟ್ಟ ಜಂಪರ್ ಎಂಬ ಕ್ಲಿಪ್ಪು ಹಾಕಿ ಹೇಳಬೇಕಿತ್ತು. ತಪ್ಪಿದರೆ ಎರಡೂ ಮುಷ್ಕರ ಹೂಡುತ್ತಿದ್ದವು. ಗಿರಾಕಿಯ ಡಿಸ್ಕನ್ನು ಮಾತ್ರ ಕಾಕಾ ಎಂದೂ ಕಂಪ್ಯೂಟರ್ ಡಬ್ಬಿಯೊಳಗೆ ಕೂರಿಸಲಿಲ್ಲ. ಹೊರಗೆ, ಸೈಕಲ್ ಟ್ಯೂಬಿನ ತುಂಡಿನ ಮೇಲಿಟ್ಟು ತಂತಿ ಎಳೆದು ನೋಡುತ್ತಿದ್ದರು. ಒಳಗಿದ್ದದ್ದು ಅವರ ಸ್ವಂತದ್ದು. ತೀರಿಹೋದ ಹೆಂಡತಿ ನಗುವ, ಬೈಯುವ ವಿಡಿಯೋಗಳು ಅದರಲ್ಲಿದ್ದವು. ಮಧ್ಯಾಹ್ನ ಊಟ ಮಾಡುತ್ತ ಅವನ್ನೇ ಹಾಕಿಕೊಂಡು ಕೂರುತ್ತಿದ್ದರು.

ಒಮ್ಮೆ ಮಸ್ಕಿ ಕಡೆಯ ಅಕ್ಕಿ ಗಿರಣಿಯೊಂದರ ಗುಮಾಸ್ತ, ಕೆಟ್ಟುಹೋದ ಕ್ಯಾಮೆರಾ ರೆಕಾರ್ಡರನ್ನು ಒಳಗೇನಿದೆ ಎಂದು ತಿಳಿಯದೆ ರಿಪೇರಿಗೆ ತಂದಿಟ್ಟು ಹೋದ. ಕಾಕಾ ಅದರ ಡಿಸ್ಕ್ ಜೋಡಿಸಿದವರೇ ನನ್ನನ್ನು ಕರೆದರು. ಪರದೆಯಲ್ಲಿ ಇಬ್ಬರು ಒಬ್ಬ ಹಮಾಲ ಹುಡುಗನನ್ನು ರಾಡಿನಿಂದ ಹೊಡೆಯುತ್ತಿದ್ದರು. ಬಿದ್ದ ಮೇಲೂ ಹೊಡೆದರು. ಅವನು ಕೈ ಮುಗಿದ, ಆ ಕೈಗಳ ಮೇಲೇ ಹೊಡೆದರು. ಚೀಲದ ಅಟ್ಟಿಯಿಂದ ಬಿದ್ದು ಸತ್ತ ಎಂದು ಗಿರಣಿಯವರು ಊರಿಗೆಲ್ಲ ಹೇಳಿದ್ದ ಸಾವು ಅದು.

ನಾನು ಠಾಣೆಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ರೆಕಾರ್ಡರ್ ಹುಡುಕಿಕೊಂಡು ಆ ಇಬ್ಬರೇ ಬಂದು ಬಾಗಿಲಲ್ಲಿ ನಿಂತಿದ್ದರು. ಕಾಕಾ ಪರದೆ ಆರಿಸಿ, ಒರೆಸುವ ಅರಿವೆಯನ್ನು ಟ್ಯೂಬಿನ ಮೇಲಿದ್ದ ಗಿರಣಿಯ ಡಿಸ್ಕಿನತ್ತ ಎಸೆದು ಮುಚ್ಚಿದರು.

“ಡಿಸ್ಕ್ ಎಲ್ಲೈತಲೇ ಮುದುಕ?”

ಕಾಕಾ ಮೇಜಿಗೆ ಅಡ್ಡ ನಿಂತರು. ಒಬ್ಬ ಕಪಾಳಕ್ಕೆ ಬಾರಿಸಿದ, ಕನ್ನಡಕ ಚೂರಾಯಿತು. ಅವರ ಬಲಗೈಯನ್ನು ಮೇಜಿಗೆ ಒತ್ತಿ ಸುತ್ತಿಗೆಯಿಂದ ಜಜ್ಜಿದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನನ್ನ ಅಂಗಡಿಯಿಂದ ಹಿಡಿದುಕೊಂಡೇ ಬಂದಿದ್ದ ದೊಡ್ಡ ಸ್ಟೇಪ್ಲರನ್ನು ಅವನ ಮುಖಕ್ಕೇ ಬೀಸಿದೆ. ಹಲ್ಲು ಮುರಿದು ರಕ್ತ ಸುರಿಯಿತು. ಇವತ್ತಿಗೂ ನನಗೆ ಅದರ ಬೇಸರವಿಲ್ಲ. ಅವನು ನನ್ನ ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ.

ಇನ್ನೊಬ್ಬ ಕಂಪ್ಯೂಟರನ್ನು ಒದ್ದು ಬಿಚ್ಚಿ, ಒಳಗಿದ್ದ ಡಿಸ್ಕನ್ನು ಕೇಬಲ್ ಸಮೇತ ಕಿತ್ತ. ಅದಲ್ಲ, ಅದು ಕಾಕಾರದ್ದು ಎನ್ನಲು ನಾನು ಬಾಯಿ ತೆರೆದೆ. ಕಾಕಾ ನನ್ನತ್ತ ನೋಡಿ ತಲೆಯಾಡಿಸಿದರು, ಬೇಡ ಎಂದು. ಹೊಸ್ತಿಲ ಮೇಲಿಟ್ಟು ಅವನು ಜಜ್ಜಿದ, ಒಳಗಿನ ಹೊಳೆಯುವ ಬಿಲ್ಲೆಗಳು ಮುದುಡಿ ಹೊರಬರುವವರೆಗೂ ಜಜ್ಜಿದ. ಕಾಕಾ ತುಟಿ ಕಚ್ಚಿದ ಕಡೆ ರಕ್ತ ಬಂದಿತ್ತು.

ಪೊಲೀಸರು ಬಂದ ಮೇಲೆ ಕಾಕಾ ಎಡಗೈಯಿಂದ ಅರಿವೆ ಸರಿಸಿದರು. ಲಿಂಗಸುಗೂರಿನ ಕೋರ್ಟಿನಲ್ಲಿ ಆ ವಿಡಿಯೋ ಓಡಿತು. ಇಬ್ಬರೂ ಜೈಲಿಗೆ ಹೋದರು.

ಆಸ್ಪತ್ರೆಯಲ್ಲಿ ಕೇಳಿದ್ದೆ, “ಕಾಕಾ, ನಿಮ್ದು ಕಾಪಿ ಇಟ್ಟೀರಿಲ್ರಿ?”

“ಊರಿಗೆಲ್ಲ ಕಾಪಿ ಮಾಡಿ ಕೊಟ್ಟೀನವಾ... ನಂದ ಮಾಡೋದು ಉಳದಿತ್ತು. ಇರ್ಲಿ ಬಿಡು. ಆ ಹುಡುಗನ ತಾಯಿಗೆ ಸಾಕ್ಷಿ ಅಂತ ಅದೊಂದ ಇತ್ತು.”

ಆ ಬೆರಳುಗಳು ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಕೊನೆಕೊನೆಗೆ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ಕೇಳಿದರು, “ಆಕಿ ನಗೋದು ಹೆಂಗಿತ್ತವಾ? ನೀ ದಿನಾ ಕೇಳ್ತಿದ್ದಿ ಅಲ್ಲ?”

ಹೌದು, ಗೋಡೆಯಾಚೆಯಿಂದ ದಿನಾ ಕೇಳುತ್ತಿದ್ದೆ. ಹಾಗೆಯೇ ನಕ್ಕು ತೋರಿಸಲು ನೋಡಿದೆ, ಬರಲಿಲ್ಲ. ಈಗ ಕಾಕಾ ಇಲ್ಲ. ಆ ನಗು ನನಗೂ ಮರೆತುಹೋಗಿದೆ.