ಗೋರಂಟಿ ಹಚ್ಚಿದ ಕೈ

ಅಂಗಡಿಯಮ್ಮನ ಗದ್ದದ ಮೇಲೆ ಮೂರು ನೀಲಿ ಹಚ್ಚೆಯ ಚುಕ್ಕೆಗಳಿದ್ದವು. ಮಂಡ್ಯ ಕಡೆಯ ನಮ್ಮಜ್ಜಿಗೂ ಹಾಗೇ ಇದ್ದುದರಿಂದ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೊದಲ ವಾರವೇ ಅವರು ನನಗೆ ತೀರ ಹತ್ತಿರದವರಾಗಿಬಿಟ್ಟರು. ಪ್ಯಾಲೆಸ್ಟೀನಿನ ಹಳ್ಳಿಯವರು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೇ ಅವರ ಗ್ರೋಸರಿ ಅಂಗಡಿ, ಅದರ ಹಿಂದೆಯೇ ಮನೆ. ಬೇಳೆ ತೂಗುವಾಗಲೂ ಬಾಯಲ್ಲಿ ಹಾಡು. ತಮ್ಮೂರಿನ ಮದುವೆ ಹಾಡಿನ ಧಾಟಿಯಲ್ಲಿ ಆ ದಿನದ ಸುದ್ದಿಯನ್ನೇ ಕಟ್ಟಿ ಹಾಡುತ್ತಿದ್ದರು: ಬಸ್ಸು ತಡವಾಗಿದ್ದು, ಟೊಮೇಟೊ ಕೊಳೆತದ್ದು. ಅವರಲ್ಲಿ ಒಬ್ಬರು ಹಾಡಿದರೆ ಇನ್ನೊಬ್ಬರು ಸೊಲ್ಲು ಹಿಡಿಯಲೇಬೇಕಂತೆ. ನನಗೆ ಅರಬ್ಬಿ ಎಲ್ಲಿ ಬರಬೇಕು? ನಮ್ಮ ಮದುವೆ ಪದಗಳಲ್ಲಿ ಅನ್ನುವ ಹಾಗೆ "ಸೋಬಾನೆ" ಅನ್ನುತ್ತಿದ್ದೆ. ಅದೇ ಸಾಕು ಎಂದು ನಗುತ್ತಿದ್ದರು.

ಎಂಬತ್ತರ ದಶಕದ ನಡುವೆ ಅವರ ಒಬ್ಬನೇ ಮಗನಿಗೆ ಏಡ್ಸ್ ಬಂತು. ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಕ್ಯಾನ್ಸರ್ ಎಂದು ಹೇಳಿಬಿಡು ಎಂದು ನೆಂಟರು ಬುದ್ಧಿ ಹೇಳಿದರು, ಆಮೇಲೆ ಬರುವುದನ್ನೇ ಬಿಟ್ಟರು. "ಆ ಮನೆಗೆ ಹೋಗ್ಬೇಡ ಕಣೇ, ಮಕ್ಕಳಿರೋ ಮನೆ ನಮ್ದು" ಅಂದರು ನನ್ನ ಗಂಡ. ನಾನೇನು ಕಮ್ಮಿ? ಅಂಗಡಿಯಮ್ಮ ಪ್ರೀತಿಯಿಂದ ಕೊಟ್ಟ ರೊಟ್ಟಿಯನ್ನು ಈಸಿಕೊಂಡು ಬಂದು ಕಸಕ್ಕೆ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಅವರೇ ಬಂದು ಕರೆದರು. ಮಗ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ಅವರಲ್ಲಿ ಮದುವೆಗೆ ಮುಂಚೆ ಮದುಮಗನ ಕೈಗೂ ಗೋರಂಟಿ ಹಚ್ಚುತ್ತಾರಂತೆ; ಆ ಶಾಸ್ತ್ರವಾದರೂ ಆಗಲಿ ಎಂದು ಹಾಸಿಗೆಯ ಪಕ್ಕದಲ್ಲಿ ಗೋರಂಟಿ ಕಲಸಿಟ್ಟಿದ್ದರು. ಹಾಡುತ್ತಾ ಒಂದೊಂದು ಸಾಲಿಗೂ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ನನಗೆ ಅರ್ಥ ಹೇಳಿದರು. "ನನ್ನ ಮದುಮಗನಿಗೆ ಬಂದದ್ದು ಏಡ್ಸ್, ಮುಚ್ಚಿಡುವುದೇನಿದೆ? ದಿನಾ ಅವನ ಮೈ ಒರೆಸುವವಳು ನಾನು, ನನಗೇನೂ ಆಗಿಲ್ಲ. ಬನ್ನಿರಮ್ಮಾ, ಅವನ ಕೈ ಹಿಡಿಯಿರಿ." ಮುಟ್ಟಿದರೆ ಅಂಟುವುದಿಲ್ಲವೆಂದು ಡಾಕ್ಟರುಗಳೂ ಹೇಳುತ್ತಿದ್ದರು. ಹುಡುಗ ಅಂಗೈ ಚಾಚಿ ನನ್ನ ಕಡೆ ನೋಡಿದ. ಬಾಗಿಲಲ್ಲೇ ನಿಂತು "ಸೋಬಾನೆ" ಅಂದೆ. ಹಾಳಾದ ಕಾಲು ಮುಂದಕ್ಕೆ ಬರಲಿಲ್ಲ. ಅವರೊಬ್ಬರೇ ಹಚ್ಚಿದರು.

ಮರುದಿನ ಬೆಳಿಗ್ಗೆ ಹುಡುಗ ಹೋಗಿಬಿಟ್ಟ. ಗಂಡನ ಮಾತು ಕೇಳದೆ ಓಡಿದೆ. ಕೆಂಪಗೆ ರಂಗೇರಿದ್ದ ಆ ತಣ್ಣನೆಯ ಕೈಯನ್ನು ನನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆ. ಈಗ ಅಂಗಡಿಯಮ್ಮನೂ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವತ್ತು ಅವರು ನನ್ನನ್ನು ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದರು.

"ನಿನ್ನೆ ಹಿಡಿದಿದ್ರೆ ಅವನಿಗೆ ಗೊತ್ತಾಗ್ತಿತ್ತು, ಮಗಳೇ" ಅಂದರು.