ಬೆರಳ ಗೆಣ್ಣಿನ ಸದ್ದು

ಚೀನಾದ ಶೆನ್‌ಜೆನ್ನಿನ ಹ್ವಾಚಿಯಾಂಗ್‌ಬೇ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ ಝುವಾಂಗನ ಅಂಗಡಿ ಎಂದರೆ ಒಂದು ಗಾಜಿನ ಮೇಜು, ಅದರ ಹಿಂದೆ ಎರಡು ಸ್ಟೂಲು, ಅಷ್ಟೇ. ಒಂದರ ಮೇಲೆ ಝುವಾಂಗ್ ಕೂತು ದಿನವಿಡೀ ಪುಟ್ಟ ಬಟ್ಟಲುಗಳಿಗೆ ಚಹಾ ಬಸಿಯುತ್ತಿದ್ದ. ಇನ್ನೊಂದರ ಮೇಲೆ ಮೋ ಲಿಯಾನ್ ಕೂತು ಭೂತಗನ್ನಡಿಯ ಕೆಳಗೆ ಕೆಟ್ಟ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದಳು. ಅವಳು ಹುಟ್ಟು ಕಿವುಡಿ. ಪ್ಯಾಕಿಂಗ್ ಟೇಪು ಪರಪರ ಹರಿಯುವ ಸದ್ದಿಗೆ ಇಡೀ ಮಹಡಿಯೇ ತಲೆ ಚಿಟ್ಟು ಹಿಡಿದು ಕೂತಿದ್ದರೆ ಇವಳೊಬ್ಬಳು ನಿಶ್ಚಿಂತೆಯಾಗಿ ಕೂತಿರುತ್ತಿದ್ದಳು.

"ನೀನೇ ಪುಣ್ಯವಂತೆ ಕಣಮ್ಮ," ಎಂದು ಝುವಾಂಗ್ ಅವಳಿಗೆ ತುಟಿ ಕಾಣುವಂತೆ ಬಾಯಿ ಅಗಲಿಸಿ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಇಂಥ ಪುಣ್ಯವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಬಹಳ ಸುಲಭ.

ಅವಳಿಗೆ ಒಬ್ಬಳು ಮಗಳಿದ್ದಳು, ರುಯಿ. ಮಗುವಿನ ಕಿವಿ ಚೆನ್ನಾಗಿತ್ತು. ಆದರೂ ಮಾತಿಗಿಂತ ಮೊದಲು ಅದು ಕಲಿತದ್ದು ಅಮ್ಮನ ಕೈಸನ್ನೆ. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತ ಮೇಲೆ ಅತ್ತೆ ದೂರದ ಹೂನಾನ್ ಪ್ರಾಂತದಿಂದ ಬಂದಳು. "ಮಾತಿಲ್ಲದ ಮನೇಲಿ ಬೆಳೆದ್ರೆ ಮಗೂನೂ ಮೂಗಿ ಆಗ್ತದೆ. ಶಾಲೆಗೆ ಸೇರಿಸೋವರೆಗಾದ್ರೂ ನನ್ನ ಹತ್ರ ಇರಲಿ," ಎಂದಳು. ಲಿಯಾನ್ ಒಪ್ಪಿದಳು. ಯಾರೂ ಕಿತ್ತುಕೊಂಡು ಹೋಗಲಿಲ್ಲ, ತಾನೇ ಚಪ್ಪಲಿ ತೊಡಿಸಿ ಕಳಿಸಿದೆ ಎನ್ನುವುದು ಅವಳನ್ನು ಒಳಗೇ ತಿನ್ನುತ್ತಿತ್ತು. ಮಗು ಶಾಲೆಗೆ ಸೇರಿತು, ಶಾಲೆಯೂ ಮುಗಿಯಿತು, ತಿರುಗಿ ಮಾತ್ರ ಬರಲಿಲ್ಲ. ಅತ್ತೆಯ ಮನೆ ಬದಲಾಯಿತು, ಫೋನ್ ನಂಬರೂ ಬದಲಾಯಿತು. ಪ್ರತಿ ಚಳಿಗಾಲಕ್ಕೂ ಲಿಯಾನ್ ಅತ್ತೆಯ ತಮ್ಮನ ವಿಳಾಸಕ್ಕೆ, ಪೊಟ್ಟಣದ ಮೇಲೆ ತನ್ನ ವಿಳಾಸ, ಫೋನ್ ನಂಬರು ಬರೆದು, ಒಂದು ಕೋಟು ಕಳಿಸುತ್ತಿದ್ದಳು, ಅಳತೆಯನ್ನು ಅಂದಾಜಿನ ಮೇಲೆ ಹೆಚ್ಚಿಸುತ್ತಾ. ಸಿಕ್ಕಿತು ಎಂದು ಯಾರೂ ಹೇಳಲಿಲ್ಲ.

ಮಗಳ ಶಾಲೆ ಮುಗಿದ ಆ ವರ್ಷ, ಮನೆಮಂದಿಯೆಲ್ಲ ಕೂಡುವ ಚಂದ್ರನ ಹಬ್ಬದ ದಿನ ಅವಳು ಕಿಟಕಿಗೆ ಮುಖ ಮಾಡಿ ಕೂತು ಒಬ್ಬಳೇ ಚಕ್ಕೋತ ಬಿಡಿಸಿ ತಿಂದಳು. ಮರುದಿನ ಪಕ್ಕದ ಕೋಣೆಯ ಪೆಂಗ್ ಅಕ್ಕ ಬಟ್ಟೆ ಒಣಗಿಸುವಲ್ಲಿ ಎದುರಾದಳು. ಲಿಯಾನ್ ಫೋನು ಚಾಚಿದಳು. ಎದುರಿನವರು ಆಡಿದ್ದು ಅದರ ಪರದೆಯ ಮೇಲೆ ಅಕ್ಷರವಾಗಿ ಬೀಳುತ್ತಿತ್ತು.

"ನಿನ್ನೆ ಹುಡುಗಿ ಬಂದಿದ್ಲಲ್ಲ, ಯಾರು ಅವಳು?"

ಯಾವ ಹುಡುಗಿ, ಎಂದು ಲಿಯಾನ್ ಕೈಯಲ್ಲೇ ಕೇಳಿದಳು.

"ಅಯ್ಯೋ, ಬಾಗಿಲು ತೆಗೀಲೇ ಇಲ್ವಾ ನೀನು? ತಟ್ಟಿ ತಟ್ಟಿ ಸಾಕಾಗಿ ಮೆಟ್ಟಿಲ ಮೇಲೆ ಕೂತಿದ್ಲು ಪಾಪ. ಒಳಗೆ ಲೈಟು ಉರೀತಿತ್ತು. ನಾನು ಒಲೆ ಮೇಲೆ ಎಣ್ಣೆ ಇಟ್ಟಿದ್ದೆ, ಇಳಿಸಿ ಬರೋಷ್ಟರಲ್ಲಿ ಹೋಗೇಬಿಟ್ಲು. ನಡುವೆ ಕೂಡಿಕೊಂಡಿರೋ ಹುಬ್ಬು, ಥೇಟ್ ನಿಂದೇ!"

ಲಿಯಾನ್ ಒದ್ದೆ ಬಟ್ಟೆ ಹಿಡಿದುಕೊಂಡೇ ಹೋಗಿ ಹುಡುಗಿ ಕೂತಿದ್ದ ಮೆಟ್ಟಿಲ ಮೇಲೆ ಕೂತಳು. ತಾಯಿ ಕಿವುಡಿ ಎಂದು ಹುಡುಗಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಒಳಗೆ ದೀಪ ಉರಿಯುತ್ತಿರುವಾಗ ಮುಚ್ಚಿದ ಬಾಗಿಲ ಮುಂದೆ ನಿಂತವರಿಗೆ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ. ಒಂದು ಸಂದೇಶ ಕಳಿಸಬಹುದಿತ್ತಲ್ಲ ಎನ್ನುವವರೂ ಇದ್ದಾರೆ. ಅಂಥವರು ಹೆತ್ತವಳ ಮೇಲೆ ಒಮ್ಮೆಯೂ ಸಿಟ್ಟು ಮಾಡಿಕೊಂಡವರಲ್ಲ.

ಇನ್ನೊಮ್ಮೆ ಬಂದರೆ? ಅವತ್ತೂ ಬಾಗಿಲು ತೆರೆಯದಿದ್ದರೆ ಮೂರನೇ ಸಲ ಬರಲಾರಳು. ಲಿಯಾನ್‌ಗೆ ಊಟ ಸೇರದಾಯಿತು. ಹಿಂದೊಮ್ಮೆ, ಹೊರಗೆ ಒತ್ತಿದರೆ ಒಳಗೆ ದೀಪ ಬೆಳಗುವ ಗಂಟೆಯೊಂದನ್ನು ಹಾಕಿಸಿದ್ದಳು. ಕಟ್ಟಡದ ಹುಡುಗರು ಒತ್ತಿ ಓಡುವ ಆಟ ಕಲಿತ ಮೇಲೆ ಮನೆಯೊಡತಿ ಅದನ್ನು ಕಿತ್ತೆಸೆದಿದ್ದಳು. ಈಗ, ಕಿವಿ ಕೇಳಿಸದು, ಫೋನಿಗೆ ಸಂದೇಶ ಕಳಿಸಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದಳು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಬೀಗ ರಿಪೇರಿ, ಬಾಡಿಗೆ ಕೋಣೆಗಳ ಜಾಹೀರಾತು ಕೂತಿದ್ದವು. ಒಂದು ಭಾನುವಾರ ಬಾಗಿಲನ್ನು ತೆರೆದೇ ಇಟ್ಟಳು, ಬೀದಿನಾಯಿ ಬಂದು ಮೀನು ಕಚ್ಚಿಕೊಂಡು ಹೋಯಿತು.

ಝುವಾಂಗ್ ಮಾರುತ್ತಿದ್ದ ಬೋರ್ಡುಗಳಲ್ಲಿ ಕೇಳುವ ಬೋರ್ಡು ಎಂದು ಒಂದು ಜಾತಿಯಿತ್ತು. ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡದು. ಮೂಲೆಯಲ್ಲಿ ಎಳ್ಳುಕಾಳಿನಷ್ಟು ತೂತು, ಅದೇ ಕಿವಿ. ಇಂಥ ಸದ್ದು ಹೀಗಿರುತ್ತದೆ ಎಂದು ಒಮ್ಮೆ ಕಂಪ್ಯೂಟರಿನಲ್ಲಿ ಕಲಿಸಿ ತುಂಬಿಬಿಟ್ಟರೆ ಆಯಿತು, ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲದೆ ತಾನೇ ಕೇಳಿ ತಾನೇ ತೀರ್ಮಾನಿಸುತ್ತದೆ. ಜನ ಅದಕ್ಕೆ ಮಗುವಿನ ಅಳು, ಗಾಜು ಒಡೆಯುವ ಸದ್ದು, ಕೆಟ್ಟ ಮೋಟಾರಿನ ಗೊರಗೊರ, ಏನೇನೋ ಕಲಿಸುತ್ತಿದ್ದರು. ಲಿಯಾನ್ ಅಂಥದ್ದೊಂದನ್ನು ಕೇಳಿ ಪಡೆದಳು. ಬಾಗಿಲು ತಟ್ಟುವುದನ್ನು ಕಲಿಸುತ್ತೇನೆ ಎಂದು ಬರೆದು ತೋರಿಸಿದಳು. ಝುವಾಂಗ್ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಒಂದು ತಂತಿಯನ್ನೂ ಹುಡುಕಿ ಕೊಟ್ಟ.

ಕೋಣೆಯಲ್ಲಿ ಬೋರ್ಡನ್ನು ಬಾಗಿಲ ಚೌಕಟ್ಟಿಗೆ ಕಟ್ಟಿ, ಅದರಿಂದ ಹಳೆಯ ಲ್ಯಾಪ್‌ಟಾಪಿಗೆ ತಂತಿ ಎಳೆದಳು. ಹೊರಗೆ ಹೋಗಿ ತಟ್ಟುವಳು, ಒಳಗೆ ಬಂದು ನೋಡುವಳು. ಅವಳ ಮಟ್ಟಿಗೆ ಸದ್ದು ಎಂದರೆ ಪರದೆಯ ಮೇಲೆ ಏಳುವ ಗುಡ್ಡ. ಪ್ರತಿ ಸಲವೂ ದೊಡ್ಡ ದೊಡ್ಡ ಗುಡ್ಡಗಳೇ ಬಂದವು. ಅವನ್ನೆಲ್ಲ ಒಂದು ಕಡೆ ಗುಡ್ಡೆಹಾಕಿ 'ತಟ್ಟಿದ್ದು' ಎಂದಳು. ಪೆಂಗ್ ಅಕ್ಕ ಮಚ್ಚಿನಿಂದ ಮಾಂಸ ಕೊಚ್ಚುವ ಸದ್ದು, ಮೆಟ್ಟಿಲ ಮೇಲೆ ಸೂಟ್‌ಕೇಸು ಬೀಳುವ ಸದ್ದು ಇವನ್ನು ಇನ್ನೊಂದು ಕಡೆ ಹಾಕಿ 'ಅಲ್ಲ' ಎಂದಳು. ಕಲಿಸಿ ತುಂಬಿ, ಬೋರ್ಡಿಗೊಂದು ಕೆಂಪು ದೀಪ ಜೋಡಿಸಿ, ಹೊರಗೆ ಹೋಗಿ ತಟ್ಟಿದರೆ ಬಾಗಿಲ ಸಂದಿಯಿಂದ ಆ ದೀಪ ಪಳಪಳ ಹೊಡೆದುಕೊಳ್ಳುವುದು ಕಂಡಿತು. ಖಾಲಿ ಮೊಗಸಾಲೆಯಲ್ಲಿ ನಿಂತು ಒಬ್ಬಳೇ ನಕ್ಕಳು.

ಮುಂದಿನ ಭಾನುವಾರ ಝುವಾಂಗ್ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ಲಿಯಾನ್ ದೀಪದ ಎದುರೇ ಕೂತಿದ್ದಳು. ದೀಪ ಬೆಳಗಲಿಲ್ಲ. ಬದಲಿಗೆ ಫೋನಿನಲ್ಲಿ ಸಂದೇಶ ಬಂತು: "ಒಳಗೆ ಬದುಕಿದ್ದೀಯೋ ಇಲ್ವೋ? ತಟ್ಟಿ ತಟ್ಟಿ ನನ್ನ ಬೆರಳು ಹೋಯ್ತು!"

ಬಾಗಿಲು ತೆರೆದು, ಇನ್ನೊಮ್ಮೆ ತಟ್ಟಿ ತೋರಿಸು ಎಂದು ಸನ್ನೆ ಮಾಡಿದಳು. ಅವನು ಬೆರಳು ಮಡಚಿ ಗೆಣ್ಣಿನಿಂದ ಟಕ್ ಟಕ್ ಎನ್ನಿಸಿದ. ಲಿಯಾನ್ ಬೆಪ್ಪಾಗಿ ಆ ಬೆರಳನ್ನೇ ನೋಡಿದಳು. ಇಷ್ಟೇನಾ? ಆಮೇಲೆ ತಾನು ತಟ್ಟಿ ತೋರಿಸಿದಳು. ಅಂಗೈ ಅಗಲಿಸಿ, ಭುಜದ ಬಲವೆಲ್ಲ ಹಾಕಿ ದಢಾರನೆ ಬಡಿದಳು. ಚೌಕಟ್ಟು ಅದುರಿತು, ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ಇಣುಕಿದರು.

"ಅಯ್ಯಯ್ಯೋ ತಾಯೀ!" ಝುವಾಂಗ್ ಎರಡೂ ಕಿವಿ ಮುಚ್ಚಿಕೊಂಡ. "ಇದು ಬಾಗಿಲು ತಟ್ಟೋದಾ, ಬಾಗಿಲು ಒಡೆಯೋದಾ? ಊರಿಗೊಂದು ದಾರಿ ಆದ್ರೆ ನಿಂಗೊಂದು ದಾರಿ!"

ಅವನನ್ನು ಅನ್ನುವಂತಿಲ್ಲ, ಅವಳದ್ದೂ ತಪ್ಪಲ್ಲ. ಕಿವುಡರ ಶಾಲೆಯಲ್ಲಿ ಬಾಗಿಲು ತಟ್ಟುವುದೆಂದರೆ ಹೀಗೆಯೇ. ಒಳಗಿರುವವರ ಅಂಗಾಲಿಗೆ ನೆಲ ನಡುಗಿದ್ದು ಗೊತ್ತಾಗಬೇಕು. ಅವಳ ಮನೆಗೆ ಬರುತ್ತಿದ್ದ ಗೆಳತಿಯರೆಲ್ಲ ಹೀಗೇ ಬಡಿಯುತ್ತಿದ್ದರು. ಬಾಡಿಗೆ ಏರಿ ಒಬ್ಬೊಬ್ಬರೇ ಬೇರೆ ಊರಿಗೆ ಹೋದ ಮೇಲೆ ಆ ಬಾಗಿಲನ್ನು ಹಾಗೆ ಬಡಿಯಲು ಯಾರೂ ಉಳಿದಿರಲಿಲ್ಲ. ಕೇಳುವವರು ಬೆರಳಿನ ಗೆಣ್ಣಿನಲ್ಲಿ ಇಷ್ಟು ಮೆಲ್ಲಗೆ ತಟ್ಟಿ, ತಲೆ ಓರೆ ಮಾಡಿ, ಒಳಗಿನಿಂದ ಯಾರೋ ಎದ್ದು ಬರುವ ಸದ್ದಿಗಾಗಿ ಕಾಯುತ್ತಾರೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ರುಯಿ ಕೇಳುವವರ ಮನೆಯಲ್ಲಿ ಬೆಳೆದವಳು. ಅವಳೂ ಹೀಗೆಯೇ ತಲೆ ಓರೆ ಮಾಡಿ ಕಾದಿರುತ್ತಾಳೆ ಎಂದು ಹೊಳೆದಾಗ ಲಿಯಾನ್‌ಗೆ ಅಳು ತಡೆಯಲಾಗಲಿಲ್ಲ. ಝುವಾಂಗ್ ಗಾಬರಿಯಾಗಿ ಕಿತ್ತಳೆ ಸುಲಿದು ಕೊಟ್ಟ.

ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ಕಲಿಸಬೇಕಾಯಿತು. ಅದಕ್ಕೆ ಬೇಕಾದದ್ದು ಕೇಳುವವರ ಬೆರಳು. ಯಾರ ಹತ್ತಿರವೂ ಏನನ್ನೂ ಬೇಡದ ಹೆಂಗಸು ಮೇಲಿನಿಂದ ಕೆಳಗಿನವರೆಗೆ ಬಾಗಿಲು ಬಾಗಿಲಿಗೆ ಹೋಗಿ ಫೋನು ತೋರಿಸಿದಳು: "ದಯವಿಟ್ಟು ಬಂದು ನನ್ನ ಬಾಗಿಲು ತಟ್ಟಿ."

ಪೆಂಗ್ ಅಕ್ಕ ಕೈಯ ಹಿಟ್ಟು ಒರೆಸಿಕೊಂಡು ಬಂದಳು. ಪಾರ್ಸೆಲ್ ಹಂಚುವವನು ಅಭ್ಯಾಸಬಲದಿಂದ ಒಮ್ಮೆ ತಟ್ಟಿ ಮೆಟ್ಟಿಲಿಳಿದು ಓಡಿದ, ಅವನನ್ನು ಮತ್ತೆ ಹಿಡಿದು ತರಬೇಕಾಯಿತು. ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಾಡಿಗೆ ಕೇಳೋದಕ್ಕೆ ಬಿಟ್ರೆ ಬೇರೆ ಯಾತಕ್ಕೂ ನಾನು ಯಾರ ಬಾಗಿಲೂ ತಟ್ಟಿದವಳಲ್ಲ."

"ಹಂಗೇ ತಟ್ಟಮ್ಮ, ಬಾಡಿಗೆ ಕೇಳೋ ಹಂಗೆ!" ಎಂದು ಪೆಂಗ್ ಅಕ್ಕ ಛೇಡಿಸಿದಳು.

ಅವತ್ತು ಸಂಜೆಯವರೆಗೂ ಆ ಮೊಗಸಾಲೆ ಮದುವೆಮನೆಯಂತಿತ್ತು. ಇಷ್ಟು ಜನ ತನ್ನ ಬಾಗಿಲಿಗೆ ಎಂದೂ ಬಂದಿರಲಿಲ್ಲ ಎಂದು ಲಿಯಾನ್‌ಗೆ ಅನ್ನಿಸಿತು. ಆಮೇಲೆ ಅವರವರ ಅನ್ನ ಅವರವರ ಒಲೆಯ ಮೇಲೆ. ಎಲ್ಲರೂ ಹೋದರು. ಪರದೆಯ ಮೇಲೆ ಅವರ ಬೆರಳುಗಳ ಸಣ್ಣ ಸಣ್ಣ ದಿಬ್ಬಗಳು ಉಳಿದವು.

ಈ ಸಲ ಬೋರ್ಡು ಸರಿಯಾಗಿ ಕಲಿಯಿತು. ಪರೀಕ್ಷೆಗೆಂದು ಅವಳು ಹಿಡಿದಿಟ್ಟ ಸದ್ದುಗಳನ್ನು ಲ್ಯಾಪ್‌ಟಾಪಿನಿಂದ ನುಡಿಸಿ ನೋಡಿದಳು. ಪೆಂಗ್ ಅಕ್ಕ ತಟ್ಟಿದಳು, ದೀಪ ಬೆಳಗಿತು. ಮನೆಯೊಡತಿ ತಟ್ಟಿದಳು, ಬೆಳಗಿತು. ಪರೀಕ್ಷೆ ಮುಗಿದ ಮೇಲೂ, ಮರುದಿನವೂ, ಅದರ ಮರುದಿನವೂ ಉಣ್ಣುವಾಗ ನುಡಿಸಿದಳು. ಯಾರೋ ಬಂದರು, ಇನ್ಯಾರೋ ಬಂದರು ಎಂದು ದೀಪ ಹೇಳುತ್ತಿತ್ತು. ಎದ್ದು ಬಾಗಿಲು ತೆರೆಯಬೇಕಾಗಿರಲಿಲ್ಲ. ಒಂದು ದಿನ ಅವಳಿಗೇ ತನ್ನ ಮೇಲೆ ಹೇಸಿಗೆಯಾಗಿ ಆ ಸದ್ದುಗಳನ್ನೆಲ್ಲ ಅಳಿಸಿಹಾಕಿದಳು.

ವರ್ಷದ ಅತಿ ಉದ್ದದ ರಾತ್ರಿಯ ಚಳಿಹಬ್ಬ ಬಂತು, ಅಕ್ಕಿಹಿಟ್ಟಿನ ಸಿಹಿ ಉಂಡೆ ಮಾಡಿ ಕಾದಳು. ಹೊಸ ವರ್ಷಕ್ಕೆ ಮಾರುಕಟ್ಟೆ ಮುಚ್ಚಿತು, ಇಡೀ ಕಟ್ಟಡ ಊರಿಗೆ ಹೋಗಿ ಖಾಲಿಯಾಯಿತು, ಇವಳು ಹೋಗಲಿಲ್ಲ. ಮೀನು ಬೇಯಿಸಿ ಎರಡು ಬಟ್ಟಲಿಟ್ಟು ದೀಪ ನೋಡುತ್ತಾ ಕೂತಳು. ದೀಪ ಬೆಳಗಲಿಲ್ಲ. ಜನರೆಲ್ಲ ತಿರುಗಿ ಬಂದ ಮೇಲೆ ಝುವಾಂಗ್ ಮತ್ತೆ ಅಂಗಡಿ ತೆರೆದ. ಅವಳ ಮುಂದೆ ಚಹಾದ ಬಟ್ಟಲು ಸರಿಸಿದ, ಅಷ್ಟೇ.

ಕೊನೆಗೆ ಹಬ್ಬವಲ್ಲದ, ಏನೂ ಅಲ್ಲದ ಒಂದು ಮಧ್ಯಾಹ್ನ ಲಿಯಾನ್ ಸೊಪ್ಪು ತೊಳೆಯುತ್ತಿದ್ದಾಗ ದೀಪ ಪಳಪಳ ಎಂದಿತು. ಪೆಂಗ್ ಅಕ್ಕ ಉಪ್ಪು ಕೇಳಲು ಬಂದಿರಬೇಕು ಎಂದುಕೊಂಡು ಒದ್ದೆ ಕೈಯಲ್ಲೇ ಬಾಗಿಲು ತೆರೆದಳು.

ಕೂಡುಹುಬ್ಬಿನ ಹುಡುಗಿ ನಿಂತಿದ್ದಳು. ಮೈಮೇಲೆ ಇವಳು ಕಳಿಸಿದ ಕೋಟು, ತೋಳು ತುಸು ಗಿಡ್ಡವಾಗಿತ್ತು.

ಲಿಯಾನಳ ಕೈಗಳು ಅವಳ ಮಾತು ಕೇಳಲಿಲ್ಲ. ತಾವೇ ಎದ್ದು ಒಂದೇ ಉಸಿರಿಗೆ ಎಲ್ಲ ಹೇಳತೊಡಗಿದವು. ಅವತ್ತು ಒಳಗೇ ಇದ್ದೆ, ಬೆನ್ನು ತಿರುಗಿಸಿ ಕೂತಿದ್ದೆ, ಗೊತ್ತಾಗಲಿಲ್ಲ ಮಗಳೇ, ಬೇಕೆಂದು ಮಾಡಿದ್ದಲ್ಲ, ನಿನ್ನನ್ನು ಕಳಿಸಬಾರದಿತ್ತು, ಅಜ್ಜಿ ಹೇಳಿದ್ದು ಸರಿ ಅಂದುಕೊಂಡೆ. ಹುಡುಗಿ ಆ ಕೈಗಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ತನ್ನ ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಅಜ್ಜಿಯ ಮನೆಯಲ್ಲಿ ಕೈಯಾಡಿಸಿದರೆ ಕೈಗೇ ಏಟು ಬೀಳುತ್ತಿತ್ತು ಎಂದು ಲಿಯಾನ್‌ಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಮಗಳಿಗೆ ಒಂದೂ ಅರ್ಥವಾಗುತ್ತಿಲ್ಲ.

ಅವಳ ಕೈಗಳು ಗಾಳಿಯಲ್ಲೇ ನಿಂತವು. ಬೆರಳಿನಿಂದ ಹೊಸ್ತಿಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ತೆರೆಯುವವರೆಗಿನದ್ದನ್ನೆಲ್ಲ ಯೋಚಿಸಿದ್ದಳು, ತೆರೆದ ಮೇಲಿನದ್ದನ್ನು ಯೋಚಿಸಿರಲಿಲ್ಲ. ಫೋನು ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಗ ಹುಡುಗಿ ಜೇಬಿನಿಂದ ಒಂದು ಕೈ ಹೊರತೆಗೆದಳು. ಯಾರಾದರೂ ನೋಡುತ್ತಾರೇನೋ ಎಂಬಂತೆ ಒಮ್ಮೆ ಹಿಂದೆ ತಿರುಗಿದಳು. ಬೆರಳನ್ನು ತುಟಿಗೆ ತಾಗಿಸಿದಳು, ಆಮೇಲೆ ಅಂಗೈಯಿಂದ ಹೊಟ್ಟೆ ಸವರಿದಳು, ಚಿಕ್ಕ ಮಕ್ಕಳು ಮಾಡುವಂತೆ, ವಕ್ರವಕ್ರವಾಗಿ.

ಅಮ್ಮ. ಹಸಿವು.

ನಾಲ್ಕು ವರ್ಷದ ಮಗು ಈ ಮನೆಯಿಂದ ಒಯ್ದ ಸನ್ನೆಗಳಲ್ಲಿ ಅಷ್ಟೇ ಉಳಿದಿತ್ತು. ಲಿಯಾನ್ ಅವಳ ತೋಳು ಹಿಡಿದು ಒಳಗೆಳೆದುಕೊಂಡು, ಅಕ್ಕಿ ತೊಳೆದು ಒಲೆ ಹಚ್ಚಿದಳು.